ಎಂಸಿಆರ್‌ನಲ್ಲಿ ಕೂತು ಟಿವಿ ನೋಡುವವರು ಯಾರು?

2009ರ ಫೆಬ್ರುವರಿ 4ರ ರಾತ್ರಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಅದೇ ಊರಿನ ಎರಡು ತಂಡಗಳು, ಎವರ್ಟನ್ ಮತ್ತು ಲಿವರ್‌ಪೂಲ್, ಎಫ್‌ಎ ಕಪ್‌ನ ಮರುಪಂದ್ಯ ಆಡುತ್ತಿದ್ದವು. ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಅರ್ಧ ಗಂಟೆಯೂ ಮುಗಿಯುತ್ತ ಬಂತು. ಇನ್ನೇನು ಪೆನಾಲ್ಟಿ ಒದೆತಗಳೇ ಗತಿ ಎನ್ನುವಾಗ, 118ನೇ ನಿಮಿಷದಲ್ಲಿ, ಎವರ್ಟನ್ನಿನ ಡ್ಯಾನ್ ಗೋಸ್ಲಿಂಗ್ ಎಂಬ ಹುಡುಗ ಗೋಲು ಹೊಡೆದ. ಇಡೀ ಪಂದ್ಯದ ಒಂದೇ ಗೋಲು. ಐಟಿವಿಯಲ್ಲಿ ಪಂದ್ಯ ನೋಡುತ್ತಿದ್ದ ಬಹುಪಾಲು ಜನರಿಗೆ ಅದು ಕಾಣಲೇ ಇಲ್ಲ. ಅವರ ಪರದೆಗೆ ಆಗಷ್ಟೇ ಜಾಹೀರಾತು ಬಂದಿತ್ತು. ಪಂದ್ಯ ವಾಪಸ್ ಬಂದಾಗ ಎವರ್ಟನ್ ಆಟಗಾರರು ಸಂಭ್ರಮದಲ್ಲಿದ್ದರು. ಐಟಿವಿ ಕ್ಷಮೆ ಕೇಳಿತು. ಪ್ರಸಾರ ನಡೆಸುವ ಸ್ವಯಂಚಾಲಿತ ವ್ಯವಸ್ಥೆಯಲ್ಲಿ ದೋಷವಾಯಿತು ಎಂದಿತು.

ಮರುವರ್ಷ, 2010ರ ಜೂನ್ 12ರಂದು, ದಕ್ಷಿಣ ಆಫ್ರಿಕಾದ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕ ಎದುರಾದವು. ನಾಲ್ಕನೇ ನಿಮಿಷಕ್ಕೇ ಸ್ಟೀವನ್ ಜೆರಾರ್ಡ್ ಗೋಲು ಹೊಡೆದರು. ಐಟಿವಿಯ ಎಚ್‌ಡಿ ವಾಹಿನಿ ಹಾಕಿಕೊಂಡಿದ್ದವರಿಗೆ ಕಂಡದ್ದು ಕಾರಿನ ಜಾಹೀರಾತು. ಈ ಸಲ ಹೇಳಿದ ಕಾರಣ ಬೇರೆ: ಪ್ರಸಾರದ ಗುತ್ತಿಗೆ ಹಿಡಿದ ಸಂಸ್ಥೆಯಲ್ಲಿ ಮನುಷ್ಯನಿಂದಾದ ತಪ್ಪು.

ವಾಹಿನಿಯ ಪ್ರಸಾರ ಹೊರಡುವ ಕೋಣೆಯಾದ ಎಂಸಿಆರ್ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಈ ಎರಡನ್ನೂ ಜೋಡಿಯಾಗಿಯೇ ಹೇಳುತ್ತೇನೆ. ಒಂದನ್ನು ಮಾತ್ರ ಹೇಳಿದರೆ ಪಾಠ ಅರ್ಧ ಆಗುತ್ತದೆ. ಯಂತ್ರ ಬಂದರೆ ತಪ್ಪು ನಿಲ್ಲುತ್ತದೆ ಎಂದು ನಂಬಿದವರಿಗೆ ಮೊದಲನೆಯದು ಉತ್ತರ, ಎಲ್ಲ ಯಂತ್ರದಿಂದಲೇ ಕೆಟ್ಟಿತು ಅನ್ನುವವರಿಗೆ ಎರಡನೆಯದು. ಮನೆಯಲ್ಲಿ ಕೂತು ನೋಡುತ್ತಿದ್ದವರಿಗೆ ಎರಡೂ ಸಲ ಆದ ನಷ್ಟ ಒಂದೇ. ಹಾಗಿದ್ದ ಮೇಲೆ ಯಂತ್ರವೋ ಮನುಷ್ಯನೋ ಎಂಬ ಜಗಳ ಬಿಟ್ಟು ಬೇರೆ ಪ್ರಶ್ನೆ ಕೇಳಬೇಕು. ಪ್ರಸಾರ ಹೊರಡುವ ಜಾಗದಲ್ಲಿ ಕೂತು, ಮನೆಯವರು ನೋಡುವ ಹಾಗೆಯೇ ಆ ವಾಹಿನಿಯನ್ನು ನೋಡುತ್ತಿರುವವರು ಒಬ್ಬರಾದರೂ ಇದ್ದಾರೆಯೇ? ಇದ್ದರೆ, ತಪ್ಪು ಕಂಡ ಕೂಡಲೇ ಕೈ ಹಾಕುವ ಅಧಿಕಾರ ಅವರಿಗಿದೆಯೇ?

ಎಂಸಿಆರ್ ಅಂದರೆ ಮಾಸ್ಟರ್ ಕಂಟ್ರೋಲ್ ರೂಮ್. ಸ್ಟುಡಿಯೋದ ಪಕ್ಕದಲ್ಲಿ ನಿರ್ದೇಶಕರು ಕೂರುವ ಪಿಸಿಆರ್, ಅಂದರೆ ಪ್ರೊಡಕ್ಷನ್ ಕಂಟ್ರೋಲ್ ರೂಮ್, ಬೇರೆ. ಅಲ್ಲಿ ಒಂದು ಕಾರ್ಯಕ್ರಮ ತಯಾರಾಗುತ್ತದೆ. ಎಂಸಿಆರ್‌ನಲ್ಲಿ ತಯಾರಾಗುವುದು ಇಡೀ ವಾಹಿನಿ. ಧಾರಾವಾಹಿಯ ಮೊದಲ ಭಾಗ, ಬ್ರೇಕ್, ಬ್ರೇಕಿನೊಳಗಿನ ಜಾಹೀರಾತು, ನಾಳೆಯ ಪ್ರೋಮೊ, ಮೂಲೆಯ ಲೋಗೊ, ಕೆಳಗೆ ಓಡುವ ಸ್ಕ್ರೋಲ್, ಮತ್ತೆ ಧಾರಾವಾಹಿ. ಇವೆಲ್ಲ ಒಂದರ ಬೆನ್ನಿಗೊಂದು ಅಂಟಿಕೊಂಡು ಉಪಗ್ರಹಕ್ಕೆ ಹೋಗುವ ಕೊನೆಯ ಬಾಗಿಲು ಅದು. ಆ ಬಾಗಿಲು ದಾಟಿದ ಮೇಲೆ ಯಾವುದನ್ನೂ ವಾಪಸ್ ಕರೆಯಲಾಗದು. ಟಿವಿ ಕೆಲಸ ಅಂದರೆ ಆಂಕರು, ಕ್ಯಾಮೆರಾ ಎಂದುಕೊಂಡವರಿಗೆ ಈ ಕೋಣೆಯ ಸುದ್ದಿಯೇ ಇರುವುದಿಲ್ಲ. ಕೆಲಸ ಸರಿಯಾಗಿ ನಡೆದರೆ ಇರಬೇಕಾದದ್ದೂ ಹಾಗೆಯೇ.

ನಾನು ಸೇರಿದಾಗ ಬೀಟಾ ಟೇಪುಗಳ ಕಾಲ ಇನ್ನೂ ಮುಗಿದಿರಲಿಲ್ಲ. ಗೋಡೆಯುದ್ದಕ್ಕೂ ಟೇಪ್ ರ‍್ಯಾಕು, ಎದುರಿಗೆ ಸಾಲಾಗಿ ಟೇಪ್ ಓಡಿಸುವ ಯಂತ್ರಗಳು, ವಿಟಿಆರ್‌ಗಳು. ಪ್ರತಿ ಟೇಪಿನ ಬೆನ್ನ ಮೇಲೆ ಚೀಟಿ: ಧಾರಾವಾಹಿಯ ಹೆಸರು, ಕಂತಿನ ಸಂಖ್ಯೆ, ಭಾಗ, ಅವಧಿ. ಟೇಪನ್ನು ಯಂತ್ರಕ್ಕೆ ಕೊಟ್ಟು, ಬಣ್ಣದ ಪಟ್ಟಿ ಮತ್ತು ‘ಕೂಂ’ ಎನ್ನುವ ಟೋನ್ ದಾಟಿಸಿ, ಗುಂಡಿ ತಿರುಗಿಸುತ್ತ ಮೊದಲ ಫ್ರೇಮ್ ಹುಡುಕಿ, ಅಲ್ಲಿಂದ ಐದು ಸೆಕೆಂಡ್ ಹಿಂದಕ್ಕೆ ತಂದು ನಿಲ್ಲಿಸಬೇಕು. ಟೇಪಿಗೆ ವೇಗ ಬಂದು ಚಿತ್ರ ನೆಲೆಗೊಳ್ಳಲು ಆ ಐದು ಸೆಕೆಂಡ್ ಬೇಕು. ಓಡುತ್ತಿರುವ ಭಾಗ ಮುಗಿಯಲು ಐದು ಸೆಕೆಂಡ್ ಇದೆ ಅನ್ನುವಾಗ ಮುಂದಿನ ಟೇಪ್ ಓಡಿಸುವುದು, ಬಾಯಲ್ಲಿ ಎಣಿಸುವುದು, ಸೊನ್ನೆಗೆ ಸ್ವಿಚರ್ ಗುಂಡಿ ಒತ್ತುವುದು. ಒಂದು ಬ್ರೇಕಿನಲ್ಲಿ ಇದನ್ನೇ ಎಂಟು ಹತ್ತು ಸಲ ಮಾಡುವ ಆಪರೇಟರ್‌ಗಳ ಕೈ ನೋಡುವುದೇ ಒಂದು ಸೊಗಸು. ಒಂದು ಕಣ್ಣು ಪ್ರಿವ್ಯೂ ಮೇಲೆ, ಇನ್ನೊಂದು ಕಣ್ಣು ಗಡಿಯಾರದ ಮೇಲೆ, ಕಿವಿ ಹೊರಗೆ ಹೋಗುತ್ತಿರುವ ಧ್ವನಿಯ ಮೇಲೆ.

ತಪ್ಪು ಆಗುತ್ತಿರಲಿಲ್ಲವೇ? ದಿನವೂ ಆಗುತ್ತಿತ್ತು. ಡಬ್ಬಿಯ ಮೇಲಿನ ಚೀಟಿ ಒಂದು, ಒಳಗಿನ ಟೇಪ್ ಇನ್ನೊಂದು. ಟೇಪ್ ಓದುವ ಹೆಡ್‌ಗೆ ಧೂಳು ಕೂತು ಚಿತ್ರದ ತುಂಬ ಗೆರೆ. ಹಿಂದಿನ ಶಿಫ್ಟಿನವರು ಅವಸರದಲ್ಲಿ ಕ್ಯೂ ಮಾಡಿಟ್ಟ ಟೇಪು ಎರಡು ಸೆಕೆಂಡ್ ಮೊದಲೇ ಶುರುವಾಗಿ, ಬಣ್ಣದ ಪಟ್ಟಿ ಊರಿಗೆಲ್ಲ ಕಾಣಿಸಿಬಿಡುವುದು. ಆದರೆ ಆ ತಪ್ಪುಗಳ ಆಯಸ್ಸು ಕಡಿಮೆ. ತಪ್ಪು ಮಾಡಿದ ಕೈಯ ಪಕ್ಕದಲ್ಲೇ ಅದನ್ನು ನೋಡುವ ಕಣ್ಣೂ ಇರುತ್ತಿತ್ತು. ಮೂರು ನಾಲ್ಕು ಸೆಕೆಂಡಿನಲ್ಲಿ ಬೇರೆ ವಿಟಿಆರ್‌ಗೆ ಜಿಗಿದು ಹೇಗೋ ಸರಿಪಡಿಸಿಯಾಗುತ್ತಿತ್ತು.

ಇನ್ನೂ ಹಿಂದಕ್ಕೆ ಹೋದರೆ ದೂರದರ್ಶನದ ದಾರಿ ಬೇರೆಯೇ ಇತ್ತು. ಬೆಂಗಳೂರು ಕೇಂದ್ರ 1981ರಲ್ಲಿ ಶುರುವಾದಾಗಿನಿಂದ ಕಾರ್ಯಕ್ರಮಗಳ ನಡುವೆ ಉದ್ಘೋಷಕರು ಪರದೆಯ ಮೇಲೆ ಬಂದು ಕೂರುತ್ತಿದ್ದರು. ಮುಂದಿನ ಟೇಪ್ ಸಿದ್ಧವಿಲ್ಲದಿದ್ದರೆ ಇನ್ನೆರಡು ವಾಕ್ಯ ಮಾತಾಡುತ್ತಿದ್ದರು. ಪ್ರಸಾರವೇ ಕಡಿದರೆ ‘ಅಡಚಣೆಗಾಗಿ ಕ್ಷಮಿಸಿ’ ಎಂಬ ಫಲಕ ಬರುತ್ತಿತ್ತು, ಚಿತ್ರ ಮರಳಿದ ಮೇಲೆ ಉದ್ಘೋಷಕರೇ ಮತ್ತೊಮ್ಮೆ ಕ್ಷಮೆ ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಆ ಫಲಕಕ್ಕೆ ಬೈಯದವರೇ ಇರಲಿಲ್ಲ. ಈಗ ಅದೇ ಫಲಕದ ಬಗ್ಗೆ ನನಗೆ ಗೌರವ ಹೆಚ್ಚಿದೆ. ಏನೋ ತಪ್ಪಾಗಿದೆ, ನಮಗೆ ಗೊತ್ತಾಗಿದೆ, ಸರಿಮಾಡುತ್ತಿದ್ದೇವೆ ಎಂಬ ಮೂರು ವಿಷಯಗಳನ್ನು ಅದು ವೀಕ್ಷಕರಿಗೆ ಮುಟ್ಟಿಸುತ್ತಿತ್ತು. ಚಂದನ ವಾಹಿನಿಯಲ್ಲಿ ಅಪರ್ಣಾ ಅವರ ನಿರೂಪಣೆ ನೋಡಿದವರಿಗೆ ಗೊತ್ತು, ಬರಿಯ ಎರಡು ಸಾಲಿನ ಪ್ರಕಟಣೆಯಲ್ಲೂ ಯಾರೋ ನಮ್ಮನ್ನು ಉದ್ದೇಶಿಸಿ ಮಾತಾಡುತ್ತಿದ್ದಾರೆ ಅನ್ನಿಸುತ್ತಿತ್ತು. 2024ರ ಜುಲೈಯಲ್ಲಿ ಅವರು ತೀರಿಕೊಂಡಾಗ, ನಮ್ಮ ಮೆಟ್ರೊದಲ್ಲಿ ಅವರ ದನಿ ಕೇಳಿದ್ದವರೆಲ್ಲ ಮನೆಯವರೇ ಹೋದಂತೆ ದುಃಖಪಟ್ಟರು.

ಸರ್ವರ್ ಬಂತು, ಪ್ಲೇಲಿಸ್ಟ್ ಬಂತು. ಅದನ್ನು ಸ್ವಾಗತಿಸಿದವರಲ್ಲಿ ನಾನೂ ಒಬ್ಬ, ಇವತ್ತಿಗೂ ಆ ಮಾತಿಗೆ ಬದ್ಧ. ಟೇಪ್ ಹೊತ್ತು ಓಡಾಡುವ ಕೆಲಸ ನಿಂತಿತು. ಮುಂಜಾವ ಮೂರು ಗಂಟೆಗೆ ಟೆಲಿಶಾಪಿಂಗ್ ಓಡುವಾಗ ಒಬ್ಬರು ಎದ್ದು ಕೂತು ಗುಂಡಿ ಒತ್ತುವ ಶಿಕ್ಷೆ ತಪ್ಪಿತು. ಈಗ ಮಾರನೇ ದಿನದ ಪಟ್ಟಿ ಟ್ರಾಫಿಕ್ ವಿಭಾಗದಿಂದ ಬರುತ್ತದೆ. ಎಫ್‌ಪಿಸಿಯಲ್ಲಿ, ಅಂದರೆ ಕಾರ್ಯಕ್ರಮಗಳ ವೇಳಾಪಟ್ಟಿಯಲ್ಲಿ, ಯಾವ ಗಂಟೆಗೆ ಯಾವ ಕಾರ್ಯಕ್ರಮ ಎಂದಿದೆಯೋ ಅದರ ಮೇಲೆ ಜಾಹೀರಾತು, ಪ್ರೋಮೊ ಕೂರಿಸಿ, ಗಂಟೆಗೆ 12 ನಿಮಿಷದ ಮಿತಿ ನೋಡಿಕೊಂಡು ಕಳಿಸುತ್ತಾರೆ. ಆಟೊಮೇಷನ್ ತಂತ್ರಾಂಶ ಪ್ರತಿ ಸಾಲಿನ ಕ್ಲಿಪ್ ಸರ್ವರಿನಲ್ಲಿದೆಯೇ ಎಂದು ಹುಡುಕಿ, ಇದ್ದರೆ ಸಾಲನ್ನು ಹಸಿರು ಮಾಡುತ್ತದೆ, ಇಲ್ಲದಿದ್ದರೆ ಕೆಂಪು. ಸೆಕೆಂಡಿಗೆ 25 ಫ್ರೇಮಿನ ನಮ್ಮ ಪ್ರಸಾರದಲ್ಲಿ ಅದು ಒಂದು ಫ್ರೇಮೂ ಆಚೀಚೆ ಆಗದಂತೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಅಷ್ಟು ನಿಖರತೆ ಯಾವ ಕೈಗೂ ಇರಲಿಲ್ಲ.

ಆದರೆ ತಪ್ಪು ಮನೆ ಬದಲಾಯಿಸಿತು. ಮೊದಲು ಅದು ಒತ್ತುವ ಬೆರಳಿನಲ್ಲಿತ್ತು, ಈಗ ಹಿಂದಿನ ದಿನ ಯಾರೋ ಟೈಪ್ ಮಾಡಿದ ಸಾಲಿನಲ್ಲಿದೆ. ಕಂತು 412 ಇರಬೇಕಾದಲ್ಲಿ 411 ಎಂದು ಬಿದ್ದರೆ, 411 ಸರ್ವರಿನಲ್ಲಿ ಹೇಗೂ ಇದೆ, ನಿನ್ನೆಯಷ್ಟೇ ಪ್ರಸಾರವಾಗಿದೆ. ಸಾಲು ಹಸಿರಾಗಿಯೇ ಇರುತ್ತದೆ. ಕ್ಲಿಪ್ಪನ್ನು ಸರ್ವರಿಗೆ ಹಾಕುವಾಗ ಮುಗಿಯುವ ಜಾಗವನ್ನು ನಾಲ್ಕು ಸೆಕೆಂಡ್ ಮೊದಲೇ ಗುರುತು ಮಾಡಿದರೆ, ಅತ್ತೆ ಬಾಗಿಲು ತೆರೆದು ‘ನೀನಾ?’ ಎನ್ನುವ ಮೊದಲೇ ಸಾಬೂನಿನ ಜಾಹೀರಾತು ಬರುತ್ತದೆ. ಮರುಪ್ರಸಾರದಲ್ಲೂ ಅಲ್ಲೇ ಕಡಿಯುತ್ತದೆ, ಮುಂದಿನ ವರ್ಷ ಮತ್ತೆ ಹಾಕಿದರೂ ಅಲ್ಲೇ. ಕೈ ಮಾಡಿದ ತಪ್ಪು ಒಂದು ಸಲ ಆಗಿ ಹೋಗುತ್ತಿತ್ತು. ಪಟ್ಟಿಯಲ್ಲಿ ಕೂತ ತಪ್ಪು, ಯಾರಾದರೂ ಕಂಡುಹಿಡಿಯುವವರೆಗೆ ಅಷ್ಟೇ ನಿಖರವಾಗಿ ನಡೆಯುತ್ತಲೇ ಇರುತ್ತದೆ.

ಕಂಡುಹಿಡಿಯಲು ಅಲಾರ್ಮ್‌ಗಳಿವೆಯಲ್ಲ ಅನ್ನಬಹುದು. ಇವೆ. ಚಿತ್ರ ಕಪ್ಪಾದರೆ, ಅಲುಗಾಡದೆ ನಿಂತರೆ, ಧ್ವನಿ ಇಲ್ಲದಾದರೆ ಹಲವು ವಾಹಿನಿಗಳನ್ನು ಚೌಕಚೌಕವಾಗಿ ತೋರಿಸುವ ಮಲ್ಟಿವ್ಯೂವರ್ ಪರದೆಯಲ್ಲಿ ಆ ವಾಹಿನಿಯ ಚೌಕದ ಸುತ್ತ ಕೆಂಪು ಅಂಚು ಮೂಡಿ ಕಿರುಚುತ್ತದೆ. ಸಿನಿಮಾದಲ್ಲಿ ನಾಯಕಿ ಕತ್ತಲ ಕೋಣೆಯಲ್ಲಿ ಮೌನವಾಗಿ ಕೂತರೂ ಕಿರುಚುತ್ತದೆ. ನಿನ್ನೆಯ ಕಂತು ಇವತ್ತು ಹೋದರೆ ಸುಮ್ಮನಿರುತ್ತದೆ, ಏಕೆಂದರೆ ಅಲ್ಲಿ ಚಿತ್ರವೂ ಇದೆ, ಧ್ವನಿಯೂ ಇದೆ. ಏನೂ ಇಲ್ಲದ್ದನ್ನು ಅಲಾರ್ಮ್ ಹಿಡಿಯುತ್ತದೆ. ಇರಬಾರದ್ದು ಇದ್ದರೆ ಹಿಡಿಯುವುದಿಲ್ಲ. ಅಂಥದ್ದನ್ನು ನಮಗೆ ಮೊದಲು ಹೇಳುತ್ತಿದ್ದವರು ವೀಕ್ಷಕರೇ. ಕಚೇರಿಯ ಲ್ಯಾಂಡ್‌ಲೈನ್‌ಗೆ ಮೈಸೂರು ಕಡೆಯಿಂದ ವಯಸ್ಸಾದ ಅಮ್ಮ ಒಬ್ಬರು ಫೋನ್ ಮಾಡುತ್ತಿದ್ದರು. ಪರಿಚಯ ಹೇಳುವುದೆಲ್ಲ ಇಲ್ಲ, ಎತ್ತಿದ ಕೂಡಲೇ, ‘ಏನಪ್ಪಾ, ನಿನ್ನೇದೇ ಹಾಕಿದೀರಲ್ಲ ಇವತ್ತೂ! ಆ ಹುಡ್ಗಿ ಆಸ್ಪತ್ರೆಯಿಂದ ಬಂದಾಯ್ತು ಆಗ್ಲೇ.’ ರಿಸೆಪ್ಷನ್‌ನವರು ‘ಒಂದ್ ನಿಮಿಷ ಅಮ್ಮಾ’ ಎಂದು ನಮ್ಮ ಕೋಣೆಗೆ ಕೊಡುತ್ತಿದ್ದರು. ಪ್ಲೇಲಿಸ್ಟ್ ತೆರೆದು ನೋಡಿದರೆ ಅವರು ಹೇಳಿದ್ದೇ ಸರಿ. ಆ ಲ್ಯಾಂಡ್‌ಲೈನ್ ಮುಂದೆ ತೆಗೆದರು; ದೂರುಗಳು ಇಮೇಲ್ ವಿಳಾಸವೊಂದಕ್ಕೆ ಹೋಗತೊಡಗಿದವು. ಆ ಅಮ್ಮ ಇಮೇಲ್ ಬರೆಯುವವರಲ್ಲ.

ಫೋನಿನ ಮಾತಿಗೆ ಅಮೆರಿಕದ ಹಳೆಯ ಪ್ರಸಂಗವೊಂದಿದೆ. 1968ರ ನವೆಂಬರ್ 17, ಭಾನುವಾರ. ಎನ್‌ಬಿಸಿಯಲ್ಲಿ ನ್ಯೂಯಾರ್ಕ್ ಜೆಟ್ಸ್ ಮತ್ತು ಓಕ್ಲೆಂಡ್ ರೈಡರ್ಸ್ ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಸಂಜೆ ಏಳಕ್ಕೆ ಸರಿಯಾಗಿ ‘ಹೈಡಿ’ ಎಂಬ ಮಕ್ಕಳ ಚಿತ್ರ ಶುರುವಾಗಬೇಕೆಂದು ಮೊದಲೇ ನಿಗದಿ. ಏಳಾದರೂ ಆಟ ಮುಗಿಯಲಿಲ್ಲ. ಒಂದು ನಿಮಿಷದಷ್ಟು ಬಾಕಿ, ಜೆಟ್ಸ್ 32–29 ಮುಂದಿದೆ. ಪಂದ್ಯ ಮುಗಿಯುವವರೆಗೆ ತೋರಿಸೋಣ ಎಂದು ಮೇಲಿನವರು ತೀರ್ಮಾನಿಸಿದ್ದರು, ಆದರೆ ಅದನ್ನು ಪ್ರಸಾರದ ಕೋಣೆಗೆ ಹೇಳಲು ಫೋನೇ ಸಿಗಲಿಲ್ಲ. ಚಿತ್ರ ಸಮಯಕ್ಕೆ ಶುರುವಾಗುತ್ತದೆಯೇ ಎಂದು ಕೇಳುವವರು, ಪಂದ್ಯ ನಿಲ್ಲಿಸಬೇಡಿ ಎನ್ನುವವರು ಎಲ್ಲ ಸೇರಿ ಸ್ವಿಚ್‌ಬೋರ್ಡ್ ಕಟ್ಟಿಹೋಗಿತ್ತು. ಕೋಣೆಯಲ್ಲಿದ್ದವರು ಕೈಯಲ್ಲಿದ್ದ ಆದೇಶದಂತೆ ಏಳಕ್ಕೆ ಚಿತ್ರ ಹಾಕಿದರು. ಅಷ್ಟರಲ್ಲಿ ರೈಡರ್ಸ್ ಎರಡು ಟಚ್‌ಡೌನ್ ಹೊಡೆದು 43–32ರಲ್ಲಿ ಗೆದ್ದಿತ್ತು. ಆಮೇಲೆ ಎನ್‌ಬಿಸಿ ಮಾಡಿದ ಕೆಲಸ ನನಗೆ ಬಹಳ ಹಿಡಿಸುತ್ತದೆ: ಬೇರೆ ಸ್ವಿಚ್‌ಬೋರ್ಡಿನ ಮೂಲಕ ಪ್ರಸಾರದ ಕೋಣೆಗೆ ಪ್ರತ್ಯೇಕ ಫೋನ್ ಹಾಕಿಸಿತು. ‘ಹೈಡಿ ಫೋನ್’ ಎಂದೇ ಅದಕ್ಕೆ ಹೆಸರಾಯಿತು.

ಮೇಲಿನವರ ಸೂಚನೆ ಹೊತ್ತಿಗೆ ಬಾರದ ಅಂಥದ್ದೇ ದಿನ ನಮಗೂ ಬಂತು: 2021ರ ಅಕ್ಟೋಬರ್ 29ರ ಶುಕ್ರವಾರ.

ಅವತ್ತು ಹೊತ್ತೇರಿದಂತೆ ಗಾಳಿಮಾತು. ಮಧ್ಯಾಹ್ನದ ಹೊತ್ತಿಗೆ ಪುನೀತ್ ರಾಜ್‌ಕುಮಾರ್ ಇನ್ನಿಲ್ಲ ಎಂಬುದು ಖಚಿತವಾಯಿತು. ನಾನಿದ್ದದ್ದು ಮನರಂಜನಾ ವಾಹಿನಿ, ಸುದ್ದಿ ನಮ್ಮ ಕೆಲಸ ಅಲ್ಲ. ಪ್ಲೇಲಿಸ್ಟ್ ಹಿಂದಿನ ದಿನವೇ ಬಂದು ಕೂತಿತ್ತು, ರಾತ್ರಿ ಹನ್ನೆರಡರವರೆಗೆ ಎಲ್ಲ ಸಾಲೂ ಹಸಿರು. ಮುಂದಿನ ಸೋಮವಾರ ರಾಜ್ಯೋತ್ಸವ, ಗುರುವಾರ ದೀಪಾವಳಿ. ಪ್ರತಿ ಬ್ರೇಕಿನಲ್ಲೂ ಹಬ್ಬದ ಪ್ರೋಮೊ, ಬಣ್ಣ, ಡೋಲು, ಕುಣಿತ. ಅವುಗಳಲ್ಲಿ ಒಂದರಲ್ಲಿ ಅಪ್ಪು ನಗುತ್ತ ಕೈಬೀಸಿ ಕರೆಯುತ್ತಾರೆ. ಜಾಹೀರಾತುಗಳಲ್ಲೂ ಅವರಿದ್ದಾರೆ. ಎಲ್ಲೆಲ್ಲಿ ಇದ್ದಾರೆ?

ತಂತ್ರಾಂಶದಲ್ಲಿ ಪುನೀತ್ ಎಂದು ಹುಡುಕಿದರೆ ಅವರ ಸಿನಿಮಾಗಳು ಬಂದವು, ಅಷ್ಟೇ. ಜಾಹೀರಾತಿಗೆ ಇರುವುದು ಒಂದು ಐಡಿ ಸಂಖ್ಯೆ, ಕಂಪನಿಯ ಹೆಸರು, ಅವಧಿ, ಭಾಷೆ. ಅದರೊಳಗೆ ಯಾರ ಮುಖವಿದೆ ಎಂದು ಯಾರೂ ಬರೆದಿಡುವುದಿಲ್ಲ. ಟ್ರಾಫಿಕ್‌ನವರು ಒಂದೊಂದಾಗಿ ತೆರೆದು ನೋಡಲು ಶುರುಮಾಡಿದರು. ಅಷ್ಟು ಹೊತ್ತು ಎಲ್ಲಿದೆ, ಮುಂದಿನ ಬ್ರೇಕಿಗೆ ಆರು ನಿಮಿಷ. ಆಗ ನಮ್ಮ ಹಿರಿಯ ಆಪರೇಟರ್, ಟೇಪ್ ಕಾಲದವರು, ಕುರ್ಚಿ ಎಳೆದುಕೊಂಡು ಕೂತು ಪಟ್ಟಿ ಮೇಲಿಂದ ಕೆಳಗೆ ಓದುತ್ತ ಹೇಳುತ್ತ ಹೋದರು. ‘ಇದು ತೆಗೀರಿ. ಇದು ಇರ್ಲಿ. ಇದ್ರಲ್ಲಿ ಮೂವತ್ತು ಸೆಕೆಂಡಿಂದ್ರಲ್ಲಿ ಅಪ್ಪು ಇದಾರೆ, ಹದಿನೈದರದ್ರಲ್ಲಿ ಇಲ್ಲ, ಹದಿನೈದೂ ಬೇಡ ಬಿಡಿ, ಹಾಡು ಅದೇನೇ. ಆ ಪ್ರೋಮೊ ಎಲ್ಲಾ ವರ್ಷನ್ನೂ ತೆಗೀರಿ. ಮೂರೂವರೆ ಬ್ರೇಕಲ್ಲಿ ಪಟಾಕಿದೊಂದಿದೆ, ಅದ್ರಲ್ಲಿ ಅವ್ರಿಲ್ಲ, ಆದ್ರೂ ಇವತ್ತು ಬೇಡ.’ ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಸ್ಥಿರವಾಗಿತ್ತು. ತೆಗೆದ ಕಡೆ ತೂತು ಬೀಳುತ್ತದೆ. ಮೂವತ್ತು ಸೆಕೆಂಡ್ ತೆಗೆದರೆ ಮುಂದಿನದೆಲ್ಲ ಮೂವತ್ತು ಸೆಕೆಂಡ್ ಮೊದಲು ಬರುತ್ತದೆ, ಆರು ಗಂಟೆಯ ಕಾರ್ಯಕ್ರಮ ಆರಕ್ಕೇ ಶುರುವಾಗಬೇಕು. ಒಬ್ಬ ಹುಡುಗಿ ಪಕ್ಕದಲ್ಲಿ ಕೂತು ಮಾತಿಲ್ಲದ, ಸಂಗೀತವಿಲ್ಲದ ಫಿಲ್ಲರ್‌ಗಳನ್ನು ಹುಡುಕಿ ಆ ತೂತುಗಳನ್ನು ತುಂಬುತ್ತಿದ್ದಳು. ಮೇಲಿನವರಿಂದ ಏನು ಮಾಡಬೇಕೆಂಬ ಲಿಖಿತ ಸೂಚನೆ ಬಂದದ್ದು ಸಂಜೆ. ಅಷ್ಟರಲ್ಲಿ ನಾಲ್ಕು ಬ್ರೇಕ್‌ಗಳು ಆಗಿಹೋಗಿದ್ದವು, ನಾಡಿಗೆ ನೋವಾಗುವಂಥದ್ದು ಒಂದೂ ಹೊರಗೆ ಹೋಗಿರಲಿಲ್ಲ.

ಅಪ್ಪುವಿನ ಮುಖ ಇರುವ ಸಾಲನ್ನೂ ಇಲ್ಲದ ಸಾಲನ್ನೂ ತಂತ್ರಾಂಶ ಒಂದೇ ಹಸಿರಿನಲ್ಲಿ ತೋರಿಸಿತ್ತು. ಅದಕ್ಕೆ ವಹಿಸಿದ ಕೆಲಸವೇ ಅದು, ದೂರುವಂಥದ್ದೇನಿಲ್ಲ. ವರ್ಷಗಟ್ಟಲೆ ಆ ವಾಹಿನಿಯನ್ನು ನಿಜವಾಗಿ ನೋಡಿದ ಒಬ್ಬರು ಆ ಕೋಣೆಯಲ್ಲಿದ್ದರು, ಕರ್ನಾಟಕದಲ್ಲಿ ಆ ಹೊತ್ತು ಜನ ಹೇಗಿದ್ದಾರೆಂಬುದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಅದಕ್ಕೇ ಉಳಿಯಿತು. ಅವರು ಮುಂದಿನ ವರ್ಷ ನಿವೃತ್ತರಾದರು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ; ಪಕ್ಕದ ಸೀಟಿನವರಿಗೆ ಇನ್ನೆರಡು ವಾಹಿನಿಗಳ ಚೌಕಗಳನ್ನು ಸೇರಿಸಿಕೊಟ್ಟರು.

ಒಬ್ಬರಿಗೆ ಹತ್ತು ಚೌಕ ಕೊಟ್ಟರೆ ಅವರು ಹತ್ತನ್ನೂ ನೋಡುತ್ತಾರೆ ಎಂದುಕೊಳ್ಳುವುದು ತಪ್ಪು ಲೆಕ್ಕ. ಇದು ನನ್ನ ಅನಿಸಿಕೆ ಮಾತ್ರವಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರೇಡಾರ್ ಸಿಬ್ಬಂದಿ ಪರದೆಯ ಮೇಲಿನ ಚುಕ್ಕೆಗಳನ್ನು ಯಾಕೆ ತಪ್ಪಿಸಿಕೊಳ್ಳುತ್ತಾರೆ ಎಂದು ತಿಳಿಯಲು ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನೋವಿಜ್ಞಾನಿ ಒಂದು ಗಡಿಯಾರ ಮಾಡಿಸಿದರು. ಮುಳ್ಳು ಸೆಕೆಂಡಿಗೊಮ್ಮೆ ಒಂದೊಂದೇ ಹೆಜ್ಜೆ ಇಡುತ್ತದೆ, ಅಪರೂಪಕ್ಕೆ ಎರಡು ಹೆಜ್ಜೆ ಒಟ್ಟಿಗೆ ಹಾರುತ್ತದೆ. ಹಾರಿದ್ದು ಕಂಡರೆ ಗುಂಡಿ ಒತ್ತಬೇಕು, ಅಷ್ಟೇ ಕೆಲಸ. ಅರ್ಧ ಗಂಟೆ ಕಳೆಯುವುದರೊಳಗೆ ಜನ ತಪ್ಪಿಸಿಕೊಳ್ಳುವುದು ಗಮನಾರ್ಹವಾಗಿ ಹೆಚ್ಚಿತು. 1948ರಲ್ಲಿ ಪ್ರಕಟವಾದ ಆ ಅಧ್ಯಯನದ ಮುಳ್ಳನ್ನೇ ನಮ್ಮ ಹಸಿರು ಸಾಲುಗಳಲ್ಲಿ ನಾನು ಕಾಣುತ್ತೇನೆ. ಎಂಟು ಗಂಟೆ ಶಿಫ್ಟು, ಎಲ್ಲವೂ ಸರಿಯಾಗಿಯೇ ಓಡುತ್ತಿರುತ್ತದೆ, ತಪ್ಪು ವಾರಕ್ಕೊಂದು. ಆ ಒಂದನ್ನು ಹಿಡಿಯಲಿಲ್ಲವೆಂದು ಮೆಮೊ ಕೊಡುವುದು ನ್ಯಾಯವಲ್ಲ.

1983ರಲ್ಲಿ ಲಿಸಾನ್ ಬೇನ್‌ಬ್ರಿಜ್ ಎಂಬ ಬ್ರಿಟಿಷ್ ಮನೋವಿಜ್ಞಾನಿ ಇನ್ನೂ ಒಂದು ಮಾತು ಸೇರಿಸಿದರು. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ವಹಿಸಿದ ಮೇಲೆ ಮನುಷ್ಯನಿಗೆ ಉಳಿಯುವುದು ಯಂತ್ರ ಕೈಕೊಟ್ಟ ಗಳಿಗೆಯ ಕಷ್ಟದ ಕೆಲಸ ಮಾತ್ರ. ಆದರೆ ದಿನನಿತ್ಯದ ಅಭ್ಯಾಸವಿಲ್ಲದೆ ಅದನ್ನು ಮಾಡುವ ಕೈ ಅಷ್ಟರಲ್ಲಿ ಜಡ್ಡುಗಟ್ಟಿರುತ್ತದೆ. ಅವರು ಕಾರ್ಖಾನೆಗಳ ಬಗ್ಗೆ ಬರೆದರು, ಓದಿದರೆ ಎಂಸಿಆರ್ ಕಣ್ಣಮುಂದೆ ಬರುತ್ತದೆ. ಪ್ಲೇಲಿಸ್ಟ್ ನಿಲ್ಲಿಸಿ ಕೈಯಿಂದ ಬ್ರೇಕ್ ನಡೆಸಿ ಎಂದರೆ ಇವತ್ತಿನ ಎಷ್ಟು ಆಪರೇಟರ್‌ಗಳಿಗೆ ಧೈರ್ಯ ಬಂದೀತು? ಅವರಿಗೆ ಕಲಿಯಲು ಜಾಗ ಎಲ್ಲಿದೆ? 2022ರ ಮೇ 24ರಂದು ಬಿಬಿಸಿ ನ್ಯೂಸ್‌ನ ಕೆಳಪಟ್ಟಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಕಸ ಎಂಬರ್ಥದ ಸಾಲು ಓಡಿತು. ಟಿಕರ್ ನಡೆಸುವುದನ್ನು ಕಲಿಯುತ್ತಿದ್ದ ಒಬ್ಬರು ಅಭ್ಯಾಸಕ್ಕೆಂದು ಬರೆದದ್ದು ಹೊರಗೆ ಹೋಗಿತ್ತು. ನಿರೂಪಕಿ ಅಂದೇ ಬೆಳಿಗ್ಗೆ ಪರದೆಯ ಮೇಲೆ ಏನಾಯಿತೆಂದು ವಿವರಿಸಿ ಕ್ಷಮೆ ಕೇಳಿದರು. ಜನ ಆ ಕಲಿಯುವವರನ್ನು ನೋಡಿ ನಕ್ಕರು. ನನಗೆ ಅವರ ಬಗ್ಗೆ ಮರುಕವೇ ಬಂತು. ಅಭ್ಯಾಸದ ಅಕ್ಷರ ಮನೆಮನೆಗೆ ಹೋಗುವ ದಾರಿ ತೆರೆದಿತ್ತು ಎಂದರೆ, ಆ ದಾರಿ ಮುಚ್ಚುವ ಹೊಣೆ ಹೊತ್ತವರು ಬೇರೆ.

ದೊಡ್ಡ ಏಟು ಬಿದ್ದರೆ ಏನಾಗುತ್ತದೆ ಎಂಬುದಕ್ಕೆ 2021ರ ಸೆಪ್ಟೆಂಬರ್ 25ರ ಲಂಡನ್ ಉದಾಹರಣೆ ಸಾಕು. ಹಲವು ವಾಹಿನಿಗಳ ಪ್ರಸಾರ ನಡೆಸುತ್ತಿದ್ದ ರೆಡ್ ಬೀ ಮೀಡಿಯಾ ಕೇಂದ್ರದಲ್ಲಿ ಬೆಂಕಿ ನಂದಿಸುವ ಅನಿಲದ ವ್ಯವಸ್ಥೆ ಚಾಲೂ ಆಯಿತು. ಅನಿಲ ನುಗ್ಗಿದ ರಭಸದ ಶಬ್ದತರಂಗಕ್ಕೆ ಸರ್ವರ್‌ಗಳ ಹಾರ್ಡ್ ಡಿಸ್ಕ್‌ಗಳು ಹಾಳಾದವು. ಚಾನೆಲ್ 4 ತುರ್ತು ಕೇಂದ್ರಕ್ಕೆ ಹಾರಿ ಚಿತ್ರವನ್ನು ಮರಳಿ ತಂದಿತು, ಆದರೆ ಸಬ್‌ಟೈಟಲ್, ಕಣ್ಣು ಕಾಣದವರಿಗಾಗಿ ಕೊಡುವ ಧ್ವನಿ ವಿವರಣೆ, ಸಂಜ್ಞಾ ಭಾಷೆ ಇವು ಪೂರ್ತಿಯಾಗಿ ಮರಳಿದ್ದು ನವೆಂಬರಿನಲ್ಲಿ. ಕಿವಿ ಕೇಳದವರು ವಾರಗಟ್ಟಲೆ ಮೂಕಚಿತ್ರ ನೋಡಬೇಕಾಯಿತು. ಮರುವರ್ಷ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಚಾನೆಲ್ 4ರ ಮೇಲೆ ಎರಡು ತಪ್ಪು ಹೊರಿಸಿತು. ಸಬ್‌ಟೈಟಲ್ ಪ್ರಮಾಣ ಕಡಿಮೆಯಾದದ್ದು ಒಂದು. ಏನಾಗಿದೆ ಎಂಬುದನ್ನು ಆ ವೀಕ್ಷಕರಿಗೆ ಸರಿಯಾಗಿ ತಿಳಿಸದೇ ಹೋದದ್ದು ಇನ್ನೊಂದು. ಎರಡನೆಯದನ್ನೂ ಪ್ರತ್ಯೇಕ ತಪ್ಪೆಂದು ಎಣಿಸಿದ್ದು ಬಹಳ ದೊಡ್ಡ ವಿಷಯ. ನಮ್ಮಲ್ಲಿ ಒಂದು ಗಂಟೆ ತಪ್ಪು ಸಿನಿಮಾ ಹೋದರೂ, ಕೆಳಗೆ ಒಂದು ಸಾಲಿನ ಸ್ಕ್ರೋಲ್ ಹಾಕಿ ‘ಕ್ಷಮಿಸಿ’ ಅನ್ನುವ ರೂಢಿ ಇಲ್ಲ.

ಕನ್ನಡದ ಮಟ್ಟಿಗೆ ಇನ್ನೊಂದು ತೊಡಕಿದೆ. ಕನ್ನಡದ ದೊಡ್ಡ ಮನರಂಜನಾ ವಾಹಿನಿಗಳಲ್ಲಿ ಹಲವು ಮುಂಬೈ, ಚೆನ್ನೈ ಮೂಲದ ಜಾಲಗಳಿಗೆ ಸೇರಿದವು. ಎಲ್ಲ ಭಾಷೆಯ ವಾಹಿನಿಗಳನ್ನೂ ಒಂದೇ ಕಡೆಯಿಂದ ಓಡಿಸಿದರೆ ಖರ್ಚು ಉಳಿಯುತ್ತದೆ, ಹಾಗಾಗಿ ಪ್ಲೇಔಟ್, ಅಂದರೆ ಪ್ರಸಾರ ಹೊರಡುವ ಜಾಗ, ಬೇರೆ ಊರಿನಲ್ಲಿರುವುದು ಸಾಮಾನ್ಯ. ದೂರ ನಮಗೆ ಹೊಸದಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಖಾಸಗಿ ವಾಹಿನಿಗಳು ಟೇಪುಗಳನ್ನು ವಿಮಾನದಲ್ಲಿ ಕಳಿಸಿ ಹೊರದೇಶದಿಂದ ಉಪಗ್ರಹಕ್ಕೆ ಅಪ್‌ಲಿಂಕ್ ಮಾಡಿಸುತ್ತಿದ್ದವು. ಈಟಿವಿ ಕನ್ನಡ ನಡೆದದ್ದು ಹೈದರಾಬಾದಿನ ಹೊರವಲಯದ ರಾಮೋಜಿ ಫಿಲ್ಮ್ ಸಿಟಿಯಿಂದ. ನನ್ನ ಚಿಂತೆ ದೂರದ ಬಗ್ಗೆ ಅಲ್ಲ. ಆ ಚೌಕದ ಮುಂದೆ ಕೂತವರಿಗೆ ಕನ್ನಡ ಬಾರದಿದ್ದರೆ ತಪ್ಪು ಅವರಿಗೆ ಕಾಣುವುದಾದರೂ ಹೇಗೆ? ಕನ್ನಡ ಸಿನಿಮಾದ ಎರಡನೇ ಭಾಗ ಮುಗಿದು ನಾಲ್ಕನೆಯದು ಬಂದರೆ ಅವರಿಗೆ ಎಲ್ಲವೂ ಸರಿ. ತೆಲುಗು ಧ್ವನಿಪಟ್ಟಿ ಪ್ರಸಾರವಾದರೆ ಧ್ವನಿಯ ಮೀಟರು ಕುಣಿಯುತ್ತಿದೆ, ಅಲಾರ್ಮ್ ಇಲ್ಲ. ಅಕ್ಟೋಬರ್ 29ರಂಥ ದಿನ ಯಾವ ನಗು ಈ ನಾಡಿಗೆ ಸಹಿಸಲಾಗದು ಎಂದು ಅವರು ಊಹಿಸಬೇಕಾಗುತ್ತದೆ. ಅವರು ಒಳ್ಳೆಯ ಕೆಲಸಗಾರರೇ. ಅವರ ಕೈಗೆ ಸಲ್ಲದ ಹೊಣೆಯನ್ನು ಅವರ ಮೇಲೆ ಹೊರಿಸಲಾಗಿದೆ.

2023ರ ಜುಲೈಯಲ್ಲಿ ಪವರ್ ಟಿವಿ ‘ಸೌಂದರ್ಯ’ ಎಂಬ ಎಐ ನಿರೂಪಕಿಯನ್ನು ಪರದೆಗೆ ತಂದಿತು, ಮರುವರ್ಷ ಡಿಡಿ ಕಿಸಾನ್ ಇಬ್ಬರನ್ನು ತಂದಿತು. ಎಲ್ಲರ ಕಣ್ಣೂ ಆ ಮುಖಗಳ ಮೇಲೆ. ನನಗೆ ಅದಕ್ಕಿಂತ ಉಪಯುಕ್ತ ಎನಿಸುವುದು ಪರದೆಯ ಹಿಂದಿನ ಕೆಲಸ. ಈ ಕಂತು ನಿನ್ನೆ ಇದೇ ಹೊತ್ತಿಗೆ ಹೋಗಿದೆ ಎಂದು ಎಚ್ಚರಿಸುವುದು, ಕನ್ನಡ ವಾಹಿನಿಯಲ್ಲಿ ತೆಲುಗು ಕೇಳಿಸುತ್ತಿದೆ ಎಂದು ಹೇಳುವುದು, ಯಾವ ಜಾಹೀರಾತಿನಲ್ಲಿ ಯಾರ ಮುಖವಿದೆ ಎಂದು ಪಟ್ಟಿ ಮಾಡಿಡುವುದು. ಇವೆಲ್ಲ ಯಂತ್ರಕ್ಕೆ ಕಲಿಸಬಹುದಾದ ಕೆಲಸಗಳೇ, ಕಲಿಸಲಿ. ಆ ಶುಕ್ರವಾರ ಅಂಥದ್ದೊಂದು ಪಟ್ಟಿ ಇದ್ದಿದ್ದರೆ ನಮ್ಮ ಹಿರಿಯರ ನೆನಪಿನ ಮೇಲೆ ಅಷ್ಟು ಭಾರ ಬೀಳುತ್ತಿರಲಿಲ್ಲ. ಪಟಾಕಿಯ ಜಾಹೀರಾತನ್ನು ತೆಗೆಯಬೇಕೆಂದು ಮಾತ್ರ ಅವರೇ ಹೇಳಬೇಕಾಗುತ್ತಿತ್ತು.

ವಾಹಿನಿಗಳನ್ನು ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನ ಬೇಡಿಕೆ ದೊಡ್ಡದೇನಲ್ಲ. ಸಂಜೆ ಆರರಿಂದ ರಾತ್ರಿ ಹತ್ತೂವರೆವರೆಗೆ, ಮನೆಮಂದಿಯೆಲ್ಲ ಟಿವಿ ಮುಂದೆ ಕೂರುವ ಹೊತ್ತು, ಪ್ರತಿ ಕನ್ನಡ ವಾಹಿನಿಗೆ ಕನ್ನಡ ಬಲ್ಲ ಒಬ್ಬರನ್ನು ಕೂರಿಸಿ. ಅವರಿಗೆ ಬೇರೆ ಚೌಕ ಕೊಡಬೇಡಿ. ಧ್ವನಿ ಹಾಕಿಕೊಂಡು ನೋಡಲಿ. ಗಂಟೆಗೊಮ್ಮೆ ಎದ್ದು ಓಡಾಡಲು, ಇನ್ನೊಬ್ಬರಿಗೆ ಸೀಟು ಬಿಡಲು ಅವಕಾಶವಿರಲಿ. ತಿಂಗಳಿಗೊಮ್ಮೆ ಬೇರೆ ಯಂತ್ರದ ಮೇಲೆ, ಪ್ರಸಾರಕ್ಕೆ ತಗಲದಂತೆ, ಕೈಯಿಂದ ಬ್ರೇಕ್ ನಡೆಸುವ ಅಭ್ಯಾಸ ಮಾಡಿಸಿ. ‘ತಾಂತ್ರಿಕ ದೋಷಕ್ಕಾಗಿ ವಿಷಾದಿಸುತ್ತೇವೆ, ಇಂದಿನ ಕಂತು ಇಷ್ಟು ಗಂಟೆಗೆ ಬರಲಿದೆ’ ಎಂಬ ಸ್ಕ್ರೋಲ್ ಸದಾ ಸಿದ್ಧವಿರಲಿ, ಗಂಟೆ ಮಾತ್ರ ತುಂಬಿದರೆ ಸಾಕು ಅನ್ನುವಂತೆ. ಮೈಸೂರಿನ ಆ ಅಮ್ಮನಂಥವರು ಕರೆ ಮಾಡಿದರೆ ಎತ್ತುವ ಒಂದು ಫೋನ್ ಆ ಕೋಣೆಯಲ್ಲೇ ಇರಲಿ. ಮತ್ತೆ, ತಪ್ಪು ಕಂಡ ಆಪರೇಟರ್ ಪ್ಲೇಲಿಸ್ಟ್ ನಿಲ್ಲಿಸುವ ಮೊದಲು ಯಾರ ಅನುಮತಿಗೂ ಕಾಯಬೇಕಿಲ್ಲ ಎಂದು ಬರೆದು, ಸಹಿ ಹಾಕಿ, ಅವರ ಮೇಜಿನ ಎದುರಿನ ಗೋಡೆಗೆ ಅಂಟಿಸಿ. ನಿಲ್ಲಿಸಿದ್ದು ತಪ್ಪಾದರೂ ಮೆಮೊ ಕೊಡುವುದಿಲ್ಲ ಎಂಬ ಸಾಲೂ ಅದರಲ್ಲಿರಲಿ.